ಪದ ಪರಿಚಯ: ನಡುವಣ ವಸತಿ

ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿಯ ಬಸ್ಸುಗಳೆಲ್ಲ ಹೋದ ಮೇಲೂ ಕೆಲವರು ಉಳಿದಿರುತ್ತಾರೆ. ಚೀಲವನ್ನೇ ದಿಂಬು ಮಾಡಿಕೊಂಡು ಮಲಗಿರುತ್ತಾರೆ. ಅವರನ್ನು ಏನೆಂದು ಕರೆಯುವುದು? "ವಸತಿರಹಿತರು" ಅಂದರೆ ನಮಗೆ ನೆನಪಾಗುವುದು ಆಶ್ರಯ ಮನೆಗೆ ಅರ್ಜಿ ಹಾಕಿ ಕಾಯುವ ಕುಟುಂಬ. ಆ ಕುಟುಂಬಕ್ಕೆ ಬಾಡಿಗೆಯದ್ದೋ ಗುಡಿಸಲೋ, ಒಂದು ವಿಳಾಸ ಇರುತ್ತದೆ. ರೇಷನ್ ಕಾರ್ಡ್ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಲ್ಲಿ ಹೆಚ್ಚಿನವರಿಗೆ ಅದೂ ಇಲ್ಲ. 2011ರ ಜನಗಣತಿಯಲ್ಲಿ ಇಂಥವರನ್ನು ಎಣಿಸಲು ಫೆಬ್ರವರಿ 28ರ ರಾತ್ರಿಯನ್ನೇ ಬೇರೆ ಇಟ್ಟಿದ್ದರು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಲೆಕ್ಕಕ್ಕೆ ಸಿಕ್ಕರು.

ಇವರಿಗೆ ನಮ್ಮಲ್ಲಿ ಇರುವುದು ರಾತ್ರಿ ತಂಗುದಾಣ. ಹಾಲ್‌ನಲ್ಲಿ ಸಾಲಾಗಿ ಹಾಸಿಗೆ, ಒಂದು ಶೌಚಾಲಯ, ಮಳೆ ಚಳಿಗೆ ಸೂರು. ತುಂಬಾ ಬೇಕಾದದ್ದೇ. ಆದರೆ ತಂಗುದಾಣದಿಂದ ಬಾಡಿಗೆ ಮನೆಗೆ ಹೋಗುವುದು ಹೇಗೆ? ಆ ನಡುವಿನ ಕಾಲಕ್ಕೆ ಕೊಡುವ ವಸತಿಯೇ "ಟ್ರಾನ್ಸಿಷನಲ್ ಹೌಸಿಂಗ್". ನಾನು ಅದನ್ನು "ನಡುವಣ ವಸತಿ" ಎನ್ನುತ್ತೇನೆ. ಅಮೆರಿಕ 1987ರ ಕಾನೂನಿನ ಮೂಲಕ ಇದಕ್ಕೆ ಸರ್ಕಾರಿ ಹಣ ಕೊಡಲು ಶುರು ಮಾಡಿತು. ಅಲ್ಲಿ ಗರಿಷ್ಠ ಅವಧಿ 24 ತಿಂಗಳು.

ಈ ತಿಂಗಳುಗಳಲ್ಲಿ ಆಗಬೇಕಾದ ಕೆಲಸ ಬಹಳ. ಆಧಾರ್ ಮಾಡಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು. ಕಾಯಿಲೆ ಇದ್ದರೆ ಆಸ್ಪತ್ರೆಗೆ ಹೋಗಬೇಕು, ಕುಡಿತ ಇದ್ದರೆ ಬಿಡಿಸಬೇಕು. ಕೆಲಸ ಹಿಡಿಯಬೇಕು. ಎಲ್ಲಕ್ಕಿಂತ ಕಷ್ಟದ್ದು ಅಡ್ವಾನ್ಸ್ ಕೂಡಿಡುವುದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಇದೆ. ಐದು ಸಾವಿರದ ಮನೆಗೆ ಐವತ್ತು ಸಾವಿರ! ಬಯಲಲ್ಲಿ ಮಲಗುವವರು ಅಷ್ಟು ದುಡ್ಡನ್ನು ಎಲ್ಲಿ ಇಟ್ಟುಕೊಳ್ಳಬೇಕು? ಬೀಗ ಹಾಕಿಕೊಳ್ಳುವಂಥ ಒಂದು ಕೋಣೆ ಮೊದಲು ಸಿಗಬೇಕು ಅಲ್ವಾ.

ಇದನ್ನು ಒಪ್ಪದವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ 1992ರಲ್ಲಿ ಶುರುವಾದ "ಮೊದಲು ಮನೆ" ಎಂಬ ಕ್ರಮದಲ್ಲಿ ನೇರವಾಗಿ ಕಾಯಂ ಮನೆಯನ್ನೇ ಕೊಡುತ್ತಾರೆ, ಉಳಿದದ್ದು ಆಮೇಲೆ. ಹಾಗೆ ಕೊಡಲು ಖಾಲಿ ಮನೆಗಳು ಕೈಯಲ್ಲಿದ್ದರೆ ಅದೇ ಒಳ್ಳೆಯದು. ಇಲ್ಲದ ಕಡೆ ನಡುವಣ ವಸತಿ ಬೇಕೇ ಬೇಕು ಎಂಬುದು ನನ್ನ ನಂಬಿಕೆ.

ಈಗ ಹಣದ ಮಾತು. 2013ರಲ್ಲಿ ಬಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯ ಕೇಂದ್ರದಲ್ಲಿ, ಅಂದರೆ ಇಂಥ ತಂಗುದಾಣದಲ್ಲಿ, ಜಾಗ ಇರಬೇಕು ಎಂಬ ನಿಯಮವಿತ್ತು. 2011ರ ಲೆಕ್ಕದಲ್ಲೇ ತುಮಕೂರು ನಗರದ ಜನ 3.02 ಲಕ್ಷ. ಅಂದರೆ ಕನಿಷ್ಠ 300 ಜನರಿಗೆ ಜಾಗ. ಕಟ್ಟಡದ ಹಣ ಒಮ್ಮೆ ಕೊಟ್ಟರೆ ಮುಗಿಯಿತು. ನಡೆಸುವ ಖರ್ಚು ಹಾಗಲ್ಲ, ತಿಂಗಳು ತಿಂಗಳೂ ಬೇಕು. ಅದಕ್ಕೆ 50 ಜನರ ಕೇಂದ್ರಕ್ಕೆ ವರ್ಷಕ್ಕೆ 6 ಲಕ್ಷ ರೂಪಾಯಿಯಂತೆ ಐದು ವರ್ಷ ಎಂದು ನಿಗದಿ ಮಾಡಿದ್ದರು. ಭಾಗಿಸಿ ನೋಡಿ. ಒಬ್ಬರಿಗೆ ತಿಂಗಳಿಗೆ 1,000 ರೂಪಾಯಿ, ದಿನಕ್ಕೆ 33. ನೋಡಿಕೊಳ್ಳುವವರ ಸಂಬಳ, ಕರೆಂಟು, ನೀರು, ಬೆಡ್‌ಶೀಟ್ ಒಗೆಯುವುದು ಎಲ್ಲಾ ಇದರಲ್ಲೇ. ಜೊತೆಗೆ ಹೋಗಿ ಆಧಾರ್ ಮಾಡಿಸುವ, ಮನೆ ಮಾಲೀಕರ ಹತ್ತಿರ ಇವರ ಪರವಾಗಿ ಮಾತಾಡುವ ಒಬ್ಬ ಮನುಷ್ಯನಿಗೆ ಸಂಬಳ ಎಲ್ಲಿಂದ ಬರಬೇಕು? ತಂಗುದಾಣ ತಂಗುದಾಣವಾಗಿಯೇ ಉಳಿಯುವುದು ಇಲ್ಲೇ.

"ನಾವು ಭಿಕ್ಷುಕರ ಕರ ಕಟ್ಟುತ್ತೇವಲ್ಲ" ಎಂದು ಕೆಲವರು ಕೇಳುತ್ತಾರೆ. ನಿಜ, ಮನೆ ಕಂದಾಯದ ಮೇಲೆ ಶೇ. 3ರಷ್ಟು ಅದಕ್ಕೆ ಹೋಗುತ್ತದೆ. 2,000 ರೂಪಾಯಿ ತೆರಿಗೆಗೆ 60 ರೂಪಾಯಿ. ಆದರೆ ಆ ಹಣ ಇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. ಭಿಕ್ಷೆ ಬೇಡುವಾಗ ಹಿಡಿದು ತಂದವರನ್ನು ಇಡುವ ಜಾಗ ಅದು. ಹಗಲೆಲ್ಲ ಗಾರೆ ಕೆಲಸ ಮಾಡಿ, ಹೋಟೆಲಿನಲ್ಲಿ ತಟ್ಟೆ ತೊಳೆದು, ಮಂಡಿಯಲ್ಲಿ ಮೂಟೆ ಹೊತ್ತು ರಾತ್ರಿ ಬಸ್ ಸ್ಟ್ಯಾಂಡಿಗೆ ಬಂದು ಮಲಗುವವರು ಭಿಕ್ಷುಕರಲ್ಲ. ಅವರ ಅಡ್ವಾನ್ಸಿಗೆ ಆ ಅರವತ್ತು ರೂಪಾಯಿ ಬರುವುದಿಲ್ಲ.