ಮೂಲೆ ನೋಡಿ ಸೊನ್ನೆ ಹಿಡಿಯಲಾಗದು

ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿ 450ರ ಆಸುಪಾಸು. ಹುಮನಾಬಾದ್ ಮೇಲೆ ಹಾಯುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಎತ್ತರ ಸರಿಯಾಗಿ 600 ಮೀಟರ್ ಇರಲೇಬೇಕು. ಇದು ಮಧ್ಯಂತರ ಮೌಲ್ಯ ಪ್ರಮೇಯ. ಬೊಲ್ಜಾನೊ 1817ರಲ್ಲಿ ಸಾಧಿಸಿದ್ದು. ಆದರೆ ಎತ್ತರ 600, ಉಷ್ಣತೆ 35 ಡಿಗ್ರಿ, ಎರಡೂ ಒಂದೇ ಜಾಗದಲ್ಲಿ ಸಿಗಬೇಕೆಂದರೆ ದಾರಿ ಸಾಲದು. ಅಗಲವಿರುವ ಪ್ರದೇಶ ಬೇಕು, ಅದರ ಅಂಚಿಗೆ ಷರತ್ತೂ ಬೇಕು.

ಆ ಷರತ್ತು ಪ್ವಾಂಕಾರೆಯದು, 1883. ಎಕ್ಸ್, ವೈ ಎರಡೂ −1ರಿಂದ 1ರವರೆಗಿನ ಚೌಕ. ಅದರ ಮೇಲೆ ಎಫ್, ಜಿ ಎಂಬ ಎರಡು ಅವಿಚ್ಛಿನ್ನ (ಎಲ್ಲೂ ಜಿಗಿಯದ) ಫಂಕ್ಷನ್. ಎಡ ಅಂಚಿನುದ್ದಕ್ಕೂ ಎಫ್ ಋಣ, ಬಲ ಅಂಚಿನುದ್ದಕ್ಕೂ ಧನ. ಕೆಳಗಿನ ಅಂಚಿನಲ್ಲಿ ಜಿ ಋಣ, ಮೇಲಿನದರಲ್ಲಿ ಧನ. ಹಾಗಿದ್ದರೆ ಎರಡೂ ಸೊನ್ನೆಯಾಗುವ ಬಿಂದು ಒಳಗಿದೆ. ಇದು ಬ್ರೌವರ್ ಸ್ಥಿರಬಿಂದು ಪ್ರಮೇಯಕ್ಕೆ ಸಮಾನವೆಂದು 1940ರಲ್ಲಿ ಮಿರಾಂಡಾ ತೋರಿಸಿದ. ಚೌಕವನ್ನೋ ಗೋಳವನ್ನೋ ತನ್ನೊಳಕ್ಕೇ ಒಯ್ಯುವ ಅವಿಚ್ಛಿನ್ನ ಫಂಕ್ಷನ್ ಒಂದಾದರೂ ಬಿಂದುವನ್ನು ಇದ್ದಲ್ಲೇ ಬಿಡುತ್ತದೆ, ಅದೇ ಸ್ಥಿರಬಿಂದು, ಎನ್ನುತ್ತದೆ ಬ್ರೌವರ್ ಪ್ರಮೇಯ.

ಎಂ.ಎಸ್ಸಿ. ಹುಡುಗರು ಎಡವುವುದು ‘ಉದ್ದಕ್ಕೂ’ ಎನ್ನುವಲ್ಲೇ: ನಾಲ್ಕು ಮೂಲೆ ನೋಡಿ ಬಿಟ್ಟುಬಿಡುತ್ತಾರೆ. ಎಫ್ = ಎಕ್ಸ್, ಜಿ = ವೈ + 3(1 − ಎಕ್ಸ್²) ತಗೊಳ್ಳಿ. ಮೂಲೆಗಳಲ್ಲಿ ಚಿಹ್ನೆ ಎಲ್ಲಾ ಸರಿ. ಆದರೆ ಎಫ್ ಸೊನ್ನೆಯಾದರೆ ಎಕ್ಸ್ ಸೊನ್ನೆ, ಆಗ ಜಿ = ವೈ + 3, ಅಂದರೆ ಕನಿಷ್ಠ 2. ಪರಿಹಾರವೇ ಇಲ್ಲ. ಕೆಳ ಅಂಚಿನ ನಡುವೆ ಜಿ ಧನವಾಗಿ ಕೂತಿದೆ.

ಅನಂತ ಆಯಾಮಕ್ಕೆ ಹೋದರೆ ಅಂಚು ಪೂರ್ತಿ ಸರಿಯಿದ್ದರೂ ಬ್ರೌವರ್ ಪ್ರಮೇಯ ಕೈಕೊಡುತ್ತದೆ. ಕಾಕುತಾನಿ 1943ರಲ್ಲಿ ಕೊಟ್ಟ ಉದಾಹರಣೆ ಇಂಥದ್ದು: ಹಿಲ್ಬರ್ಟ್ ಸ್ಪೇಸಿನ (ಕೋಆರ್ಡಿನೇಟುಗಳು ಅನಂತ, ಅವುಗಳ ವರ್ಗಗಳ ಮೊತ್ತ ಸೀಮಿತ) ಏಕಮಾನ ಗೋಳದಲ್ಲಿ, ಅಂದರೆ ಉದ್ದ 1ನ್ನು ಮೀರದ ವೆಕ್ಟರುಗಳಲ್ಲಿ, ಪ್ರತಿ ಕೋಆರ್ಡಿನೇಟನ್ನೂ ಒಂದು ಸ್ಥಾನ ಬಲಕ್ಕೆ ಸರಿಸಿ, ಖಾಲಿಯಾದ ಮೊದಲ ಸ್ಥಾನದಲ್ಲಿ √(1 − ಉದ್ದ²) ಇಡುವುದು. ಬಂದದ್ದರ ಉದ್ದ ಯಾವಾಗಲೂ 1. ಸ್ಥಿರಬಿಂದುವಿದ್ದರೆ ಅದರ ಉದ್ದವೂ 1, ಹಾಗಾಗಿ ಮೊದಲ ಕೋಆರ್ಡಿನೇಟ್ ಸೊನ್ನೆ, ಅದರ ಹಿಂದೆಯೇ ಉಳಿದವೆಲ್ಲ ಸೊನ್ನೆ. ವಿರೋಧ.

ಎಲ್ಲಿ ಜಾರಿತು? ಮೊದಲ ಎನ್ ಕೋಆರ್ಡಿನೇಟ್ ಮಾತ್ರ ಇಟ್ಟುಕೊಂಡು ಬಿಡಿಸಿದರೆ ಸ್ಥಿರಬಿಂದು ಸಿಗುತ್ತದೆ, ಪ್ರತಿ ಕೋಆರ್ಡಿನೇಟೂ 1/√(ಎನ್+1). ಎನ್ 3 ಆದರೆ ತಲಾ ಅರ್ಧ, 99 ಆದರೆ ತಲಾ 0.1. ಎನ್ ಬೆಳೆದಂತೆ ಒಂದೊಂದೂ ಸೊನ್ನೆಗೆ ಇಳಿಯುತ್ತದೆ, ಒಟ್ಟು ಉದ್ದ ಮಾತ್ರ 1ಕ್ಕೆ ಏರುತ್ತದೆ. ಮಿತಿಯಲ್ಲಿ ಕೈಗೆ ಬರುವ ಸೊನ್ನೆ ವೆಕ್ಟರ್ ಪರಿಹಾರವಲ್ಲ; ಅದನ್ನು ಸರಿಸಿದರೆ (1, 0, 0, …) ಆಗಿಬಿಡುತ್ತದೆ.

ಈ ಸೋರಿಕೆ ತಡೆಯುವುದು ಕಾಂಪ್ಯಾಕ್ಟ್ ಗುಣ: ಬಿಂದುಗಳ ಯಾವ ಸಾಲು ತಗೊಂಡರೂ ಅದರೊಳಗಿನ ಒಂದು ಉಪಸಾಲು ಅದೇ ಗಣದ ಒಂದು ಬಿಂದುವಿನ ಹತ್ತಿರ ಹತ್ತಿರ ಬರುತ್ತದೆ. ಬ್ರೌವರ್ ಪ್ರಮೇಯವನ್ನು ಅನಂತ ಆಯಾಮಕ್ಕೆ ಒಯ್ಯುವ 1930ರ ಶೌಡರ್ ಪ್ರಮೇಯ ಕೇಳುವುದೂ ಅದನ್ನೇ. ಉದಾಹರಣೆಗೆ, ಯು(ಟಿ) ಎಂದರೆ 0ಯಿಂದ 1ರವರೆಗೆ ಕಾಸ್(ಟಿಎಸ್ + ಯು(ಎಸ್))ನ ಎಸ್ ಮೇಲಿನ ಇಂಟಿಗ್ರಲ್ ಎಂಬ ಸಮೀಕರಣ. ಬಲಗಡೆಯ ಬೆಲೆ 1ನ್ನು ಮೀರದು, ಇಳಿಜಾರು ½ನ್ನು ಮೀರದು. ಯು ಯಾವುದೇ ಇರಲಿ. ಬೆಲೆಗೂ ಇಳಿಜಾರಿಗೂ ಹೀಗೆ ಮಿತಿಯಿದ್ದರೆ ಕಾಂಪ್ಯಾಕ್ಟ್ ಗುಣ ಸಿಗುತ್ತದೆ ಎನ್ನುವ ಅರ್ಜೆಲಾ–ಅಸ್ಕೋಲಿ ಪ್ರಮೇಯದ ಪ್ರಕಾರ ಇಷ್ಟು ಸಾಕು, ಪರಿಹಾರ ಇದೆ. ಒಂದೇ ಇದೆಯೇ ಎಂಬುದಕ್ಕೆ ಬೇರೆ ವಾದ ಹೂಡಬೇಕು.