ಪದ ಪರಿಚಯ: ಪಾಯಿಂಟ್ ಅಂಡ್ ಕ್ಲಿಕ್

ಬೇಸಿಗೆ ರಜೆಗೆ ತಂಗಿಯ ಮಗ ವಿಜಯಪುರಕ್ಕೆ ಬಂದಿದ್ದ. ನಾನು ಲ್ಯಾಪ್‌ಟಾಪಿನಲ್ಲಿ ದೆವ್ವದ ಪತ್ತೇದಾರಿ ಗೇಮ್ ಒಂದನ್ನು ಆಡುತ್ತಿದ್ದೆ. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ: "ಮಾಮಾ, ಇದ್ರಾಗ ಓಡೂದು ಇಲ್ಲೇನು?"

"ಇಲ್ಲಪಾ, ಇದ್ರಾಗ ನೋಡೂದು ಐತಿ."

ಪಾಯಿಂಟ್ ಅಂಡ್ ಕ್ಲಿಕ್ ಜಾತಿಯ ಗೇಮ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ. ಹೆಸರಿನಲ್ಲಿ ಇರುವುದು ಮೌಸಿನ ಕೆಲಸ: ಬಾಣದ ಗುರುತನ್ನು ಒಂದು ವಸ್ತುವಿನ ಮೇಲೆ ಇಡು, ಒತ್ತು. ಆದರೆ ಆಟ ನಡೆಯುವುದು ಕಣ್ಣಿನಲ್ಲಿ. ಪರದೆಯ ಮೇಲೆ ಒಂದು ಕೋಣೆ ಇರುತ್ತದೆ. ಅದರಲ್ಲಿ ಮುಟ್ಟಿದರೆ ಉತ್ತರ ಕೊಡುವ ಜಾಗಗಳು ಕೆಲವೇ. ಅವಕ್ಕೆ ಹಾಟ್‌ಸ್ಪಾಟ್ ಅನ್ನುತ್ತಾರೆ. ಸಿಕ್ಕಿದ ಸಾಮಾನೆಲ್ಲ ಇನ್ವೆಂಟರಿಗೆ ಸೇರುತ್ತದೆ. ನಾನು ಅದನ್ನು ಜೋಳಿಗೆ ಅಂತಲೇ ಕರೆಯುತ್ತೇನೆ. ಜೋಳಿಗೆಯ ಸಾಮಾನನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಬಳಸಿದರೆ ಕಥೆ ಮುಂದೆ ಹೋಗುತ್ತದೆ.

ಮೊದಲು ಇಂಥ ಆಟಗಳಲ್ಲಿ ಚಿತ್ರವೇ ಇರಲಿಲ್ಲ. ಏನು ಮಾಡಬೇಕು ಅನ್ನುವುದನ್ನು ಆಡುವವರೇ ಟೈಪ್ ಮಾಡಬೇಕಿತ್ತು. 1980ರಲ್ಲಿ ಕೆನ್ ಮತ್ತು ರಾಬರ್ಟಾ ವಿಲಿಯಮ್ಸ್ ದಂಪತಿ 'ಮಿಸ್ಟರಿ ಹೌಸ್' ಮಾಡಿ ಗೆರೆಚಿತ್ರ ಸೇರಿಸಿದರು. ಅದೂ ಕೊಲೆಗಾರನನ್ನು ಹುಡುಕುವ ಕಥೆಯೇ. 1987ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಮಾಡಿದ 'ಮೇನಿಯಾಕ್ ಮ್ಯಾನ್ಷನ್' ಬಂತು. ಅದರಲ್ಲಿ ತೆರೆ, ತಳ್ಳು, ಎಳೆ, ಕೊಡು ಎಂಬಂಥ ಕ್ರಿಯಾಪದಗಳನ್ನು ಪರದೆಯ ಕೆಳಗೇ ಬರೆದಿಟ್ಟಿದ್ದರು. ಪದ ಆರಿಸು, ವಸ್ತು ಆರಿಸು, ಒಂದು ವಾಕ್ಯವಾಯಿತು. ನನಗೆ ಇದು ಬಹಳ ಇಷ್ಟ. ಆಡುವವರು ಒತ್ತುತ್ತಾ ಒತ್ತುತ್ತಾ ವಾಕ್ಯ ಕಟ್ಟುತ್ತಾರೆ, ಅಲ್ವಾ?

ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ ನಂಟು ಅಂದರೆ ಒಗಟು. "ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ." ಉತ್ತರ ಮೊಟ್ಟೆ. ಉತ್ತರ ತಿಳಿದ ಮೇಲೆ, ಅಯ್ಯೋ, ಎಲ್ಲಾ ಅದರಲ್ಲೇ ಇತ್ತಲ್ಲ ಅನ್ನಿಸಬೇಕು. ಒಳ್ಳೆಯ ಗೇಮಿನ ತೊಡಕೂ ಹಾಗೇ ಇರುತ್ತದೆ. ಕೆಟ್ಟ ತೊಡಕು ಬಿಡಿಸಿದ ಮೇಲೂ ಅರ್ಥ ಆಗುವುದಿಲ್ಲ. ಆಡುವವರು ಅದಕ್ಕೆ ಮೂನ್ ಲಾಜಿಕ್ ಅಂತ ಹೆಸರಿಟ್ಟಿದ್ದಾರೆ, ಚಂದ್ರಲೋಕದ ಲೆಕ್ಕಾಚಾರ.

ದೆವ್ವ, ಪತ್ತೇದಾರ, ನಗೆ ಈ ಮೂರೂ ಇಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತವೆ. ಪತ್ತೇದಾರ ಕಂಡವರ ಕಪಾಟು ತೆರೆದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ, ಅದು ಅವನ ಕೆಲಸ. ದೆವ್ವ ಇದ್ದರೆ ಲೋಕದ ಕಟ್ಟಳೆ ಸ್ವಲ್ಪ ಸಡಿಲ. ಇನ್ನು ನಗೆ, ಅದರ ಜಾಗ ತಪ್ಪು ಪ್ರಯತ್ನಗಳಲ್ಲಿ. ಈ ಆಟದಲ್ಲಿ ಹತ್ತರಲ್ಲಿ ಒಂಬತ್ತು ಸಲ ಮಾಡಿದ್ದು ತಪ್ಪೇ ಆಗುತ್ತದೆ. ಪ್ರತಿ ಸಲವೂ "ಆಗುವುದಿಲ್ಲ" ಅಂತಲೇ ಉತ್ತರ ಬಂದರೆ ಬೇಜಾರು ಬರುತ್ತದೆ. ಒಂದು ತಮಾಷೆಯ ಮಾತು ಬಂದರೆ? ಆಗ ಬೇಕಂತಲೇ ತಪ್ಪು ಮಾಡುತ್ತೇವೆ. ಹಾಗಾಗಿ ಈ ಜಾತಿಯ ಗೇಮಿನಲ್ಲಿ ಚಿತ್ರ ಬರೆಯುವವರಿಗಿಂತ ಮಾತು ಬರೆಯುವವರ ಶ್ರಮ ಜಾಸ್ತಿ ಅಂತ ನನ್ನ ಲೆಕ್ಕ.

ನಾನು ಆವತ್ತು ಆಡುತ್ತಿದ್ದದ್ದು 2017ರಲ್ಲಿ ಐರ್ಲೆಂಡಿನ ಒಂದು ಸಣ್ಣ ತಂಡ ತಂದ 'ದಿ ಡಾರ್ಕ್‌ಸೈಡ್ ಡಿಟೆಕ್ಟಿವ್'. ಟ್ವಿನ್ ಲೇಕ್ಸ್ ಎಂಬ ಊರು. ಮೆಕ್ವೀನ್ ಎಂಬ ಪತ್ತೇದಾರ, ಜೊತೆಗೆ ಡೂಲಿ ಎಂಬ ಪೊಲೀಸು. ದೊಡ್ಡ ದೊಡ್ಡ ಚೌಕಗಳಿಂದ ಕಟ್ಟಿದ ಚಿತ್ರಗಳು. ದೆವ್ವ ಭೂತದ ದೂರುಗಳೆಲ್ಲ ಇವರ ಪಾಲಿಗೇ ಬರುತ್ತವೆ. ಲೈಬ್ರರಿಯಲ್ಲೂ ಒಂದು ಕಾಟ ಇದೆ! ಒಂದೊಂದು ಕೇಸೂ ಚಿಕ್ಕದು, ಊಟದ ಮುಂಚೆ ಕೂತರೆ ಮುಗಿಯುತ್ತದೆ. ಹೊಸಬರು ಇದರಿಂದ ಶುರು ಮಾಡಬಹುದು.

ಹುಡುಗನಿಗೆ ಇದೆಲ್ಲ ಬಾಯಲ್ಲಿ ಹೇಳಿದರೆ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಜನ ಸೇರುವ ಮುಂಚೆ ಹೋದರೇ ಅಲ್ಲಿ ದನಿ ಸರಿಯಾಗಿ ಕೇಳುವುದು. ಮೆಟ್ಟಿಲು ಹತ್ತಿ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಒರಗಿ ಕೂತೆವು. ಒಮ್ಮೆ ಕೂಗಿದರೆ ಏಳು ಸಲ ಮರಳಿ ಬರುತ್ತದೆ ಅಂತ ಗೈಡುಗಳು ಹೇಳುತ್ತಾರೆ.

"ಈಗ ನೀನು ಪತ್ತೇದಾರ" ಅಂದೆ. "ರಾತ್ರಿ ಕಾವಲುಗಾರ ಕೂಗಿದಾಗ ಎಂಟು ಸಲ ಕೇಳಿಸಿತಂತೆ. ಎಂಟನೇದು ಯಾರದು?"

"ದೆವ್ವದ್ದು!"

"ಹೌದು. ಅದನ್ನ ಹ್ಯಾಂಗ ಹಿಡೀತಿ? ನಿನ್ನ ಜೋಳಿಗ್ಯಾಗ ಒಂದು ಬ್ಯಾಟರಿ, ಒಂದು ಬಸ್ ಟಿಕೆಟ್, ಎರಡು ಮಿರ್ಚಿ ಭಜಿ ಅದಾವ."

ಮೊದಲು ಬ್ಯಾಟರಿ ಹಾಕಿದ. "ದೆವ್ವ ಕಣ್ಣು ಮುಚ್ಚಿಕೊಂಡು, ಲೈಟ್ ಆರಿಸ್ರಿ, ಮಲಗಬೇಕು ಅಂತು" ಅಂದೆ. ನಕ್ಕ. ಟಿಕೆಟ್ ಕೊಟ್ಟ. "ಇದು ನಿನ್ನೇದು, ಇವತ್ತಿಂದು ಕೊಡು ಅಂತು." ಮತ್ತೆ ನಕ್ಕ. ಆಮೇಲೆ ಸುಮ್ನೆ ಕೂತ. ಕಣ್ಣು ಗುಮ್ಮಟದ ಸುತ್ತ ಹೋಗಿ ಬಂತು.

"ಮಾಮಾ, ಭಜಿ ಅಲ್ಲೇ ಇಟ್ಟು ಬರೋದು. ಅದು ತಿಂತದ. ಆಮೇಲೆ ನಾವು, ಯಾರದು ಅಂತ ಕೂಗೋದು. ಏಳು ಸಲ, ಯಾರದು ಯಾರದು ಅಂತ ಬರ್ತದ. ಎಂಟನೇದಕ್ಕ..."

"ಎಂಟನೇದಕ್ಕ?"

"ಹಾ, ಖಾರ! ಅಂತ ಬರ್ತದ. ಯಾವ ಮೂಲಿಯಿಂದ ಬಂತೋ ಅಲ್ಲೇ ಐತಿ ಅದು."

ಕೆಳಗೆ ಇಳಿಯುವಾಗ ಪ್ರತಿ ಮೆಟ್ಟಿಲಿನ ತಿರುವಿನಲ್ಲೂ ನಿಂತು ಗೋಡೆ ನೋಡುತ್ತಿದ್ದ. ಕೊನೆಯ ಮೆಟ್ಟಿಲ ಹತ್ತಿರ ನನ್ನ ಕೈ ಎಳೆದ. "ಮಾಮಾ, ಅದಕ್ಕ ನೀರು ಕೊಡಬೇಕಲ್ಲ. ಬಾಟ್ಲಿ ಎಲ್ಲಿ ಸಿಗತದ?"