ಆರ್ಟ್ ಜರ್ನಲ್: ಬಣ್ಣ, ಅಂಟು, ಬಟ್ಟೆ ಹೊರುವ ಪುಸ್ತಕ

ಆರ್ಟ್ ಜರ್ನಲ್ ಅಂದರೆ ಚಿತ್ರ ಬಿಡಿಸುವ ಡೈರಿ ಎಂದು ಹೇಳಿ ಮುಗಿಸುವವರೇ ಹೆಚ್ಚು. ಅಷ್ಟೇ ಆಗಿದ್ದರೆ ಸ್ಟೇಷನರಿ ಅಂಗಡಿಯ 200 ಪುಟದ ನೋಟ್‌ಬುಕ್ಕೇ ಸಾಕಿತ್ತು. ಅಂಥದೊಂದು ನೋಟ್‌ಬುಕ್ಕಿನ ಹಾಳೆಗೆ ಬಿಳಿ ತಳಬಣ್ಣ ಬಳಿದು, ಮೇಲೆ ಖಣದ, ಅಂದರೆ ಕುಬಸದ ಬಟ್ಟೆಯ, ಒಂದು ತುಂಡು ಅಂಟಿಸಿ ನೋಡಿ. ಹಾಳೆ ಸುರುಳಿ ಸುತ್ತುತ್ತದೆ. ಹತ್ತು ಪುಟ ಆಗುವಷ್ಟರಲ್ಲಿ ಪುಸ್ತಕ ಬಾಯಿ ಬಿಟ್ಟು ಕೂರುತ್ತದೆ, ಇಪ್ಪತ್ತಕ್ಕೆ ಬೆನ್ನು ಬಿರಿಯುತ್ತದೆ. ಆರ್ಟ್ ಜರ್ನಲ್ ಎನ್ನುವುದು ನೀರು, ಅಂಟು, ಬಣ್ಣ, ಕಾಗದ, ಬಟ್ಟೆ, ದಾರ ಇಷ್ಟನ್ನೂ ಒಂದೇ ಪುಟದಲ್ಲಿ ಹೊರಲೆಂದೇ ಕಟ್ಟಿದ ಪುಸ್ತಕ. ಆದ್ದರಿಂದ ಅದರ ಅರ್ಧ ಕೆಲಸ ಅಲಂಕಾರದ್ದಲ್ಲ, ಹೊಲಿಗೆಯದು.

ಇದರ ಅಕ್ಕಪಕ್ಕದ ಹೆಸರುಗಳೂ ಕಿವಿಗೆ ಬೀಳುತ್ತಿರುತ್ತವೆ. ಸ್ಕೆಚ್‌ಬುಕ್ ಕೈ ಪಳಗಿಸಲು. ಸ್ಕ್ರ್ಯಾಪ್‌ಬುಕ್ಕಿನಲ್ಲಿ ಫೋಟೊ, ಟಿಕೆಟ್ಟುಗಳನ್ನು ಜೋಪಾನ ಮಾಡುವುದೇ ಮುಖ್ಯ. ಹಳೆಯ ಅಚ್ಚಾದ ಪುಸ್ತಕದ ಮೇಲೇ ಬಣ್ಣ ಬಳಿದು ಕೆಲಸ ಮಾಡಿದರೆ ಅದು ಆಲ್ಟರ್ಡ್ ಬುಕ್. ಕಿರ್ದಿ ಹಾಳೆ, ಲಗ್ನಪತ್ರಿಕೆ, ಪಾರ್ಸೆಲ್ ಕಾಗದ ಎಲ್ಲ ಕೂಡಿಸಿ ಹೊಲಿದರೆ ಜಂಕ್ ಜರ್ನಲ್. ಬುಲೆಟ್ ಜರ್ನಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಮಾಡಬೇಕಾದ ಕೆಲಸಗಳ ಪಟ್ಟಿ.

ಮಿಕ್ಸೆಡ್ ಮೀಡಿಯಾ ಅಂದರೆ ಒಂದೇ ಕೃತಿಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಸಾಮಗ್ರಿ. ಕಲೆಯ ಚರಿತ್ರೆ ಬರೆಯುವವರು ಇದನ್ನು 1912ರಿಂದ ಶುರು ಮಾಡುತ್ತಾರೆ. ಆ ವರ್ಷ ಪಿಕಾಸೊ, ಬೆತ್ತದ ಹೆಣಿಗೆಯ ಅಚ್ಚಿದ್ದ ಆಯಿಲ್‌ಕ್ಲಾತನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತ ಹಗ್ಗ ಕಟ್ಟಿದ. ಆದರೆ ಬೇರೆ ಬೇರೆ ಕಡೆಯ ಕಾಗದ ಕೂಡಿಸಿ ಪುಟ ಮಾಡುವ ಕೆಲಸ ಅದಕ್ಕಿಂತ ಬಹಳ ಹಳೆಯದು. ಬರಹದ ತುಂಡು, ಚಿತ್ರ, ಅಂಚಿನ ಪಟ್ಟಿಗಳನ್ನು ಒಂದೇ ಹಾಳೆಗೆ ಅಂಟಿಸಿದ ಆಲ್ಬಂಗಳು ದಖನ್ನಿನ ಸುಲ್ತಾನರ ಕಾಲದಲ್ಲೂ ಇದ್ದವು. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಎತ್ತಿಕೊಳ್ಳುವ ಮಾರ್ಬ್ಲಿಂಗ್‌ನಿಂದಲೇ ಪೂರಾ ಚಿತ್ರ ಮಾಡಿದ 17ನೇ ಶತಮಾನದ ಕೆಲವು ಕೃತಿಗಳನ್ನು ಕಲಾ ಇತಿಹಾಸಕಾರರು ವಿಜಯಪುರದವೆಂದು ಗುರುತಿಸುತ್ತಾರೆ. ಗೋಳಗುಮ್ಮಟದ ಊರಿನವರು ಈ ಕಲೆಯನ್ನು ಹೊರಗಿನದು ಎನ್ನಬೇಕಾಗಿಲ್ಲ.

ಹಾಳೆ ಮತ್ತು ಅದರ ನಾರು

ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ ಅಳೆಯುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂದು. ಜೆರಾಕ್ಸ್ ಹಾಳೆ 70-75. ಜರ್ನಲ್ಲಿಗೆ 200 ಜಿಎಸ್‌ಎಂ ಕಾರ್ಟ್ರಿಜ್ ಶೀಟ್ ಹದವಾದದ್ದು. 300 ಜಿಎಸ್‌ಎಂ ವಾಟರ್‌ಕಲರ್ ಹಾಳೆ ಹೆಚ್ಚು ನೀರು ತಡೆಯುತ್ತದೆ, ಆದರೆ ಮಡಿಚಿದಲ್ಲಿ ಬಿರಿಯುತ್ತದೆ, ಪುಸ್ತಕವೂ ಭಾರ. ಕೈಕಾಗದ ನೋಡಲು ಚೆಂದ. ಅಂಟು ಸರಿಯಾಗಿ ಕುಡಿಸಿರದಿದ್ದರೆ ಶಾಯಿ ಹರಡಿ ಅಕ್ಷರ ಕೆಡುತ್ತದೆ. ಅದನ್ನು ಅಲ್ಲೊಂದು ಇಲ್ಲೊಂದು ಹಾಳೆಯಾಗಿ ಸೇರಿಸುವುದೇ ಲೇಸು.

ದಪ್ಪಕ್ಕಿಂತ ಮುಖ್ಯವಾದದ್ದು ನಾರಿನ ದಿಕ್ಕು. ಮಿಲ್ಲಿನ ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ನೀರು ತಾಗಿದಾಗ ಹಾಳೆ ನಾರಿನ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ನಾರು ಪುಸ್ತಕದ ಬೆನ್ನಿಗೆ ಸಮಾಂತರವಾಗಿದ್ದರೆ ಹಿಗ್ಗಿದ್ದು ಅಂಚಿನ ಕಡೆಗೆ ಹೋಗುತ್ತದೆ. ಅಡ್ಡವಿದ್ದರೆ ಹೊಲಿಗೆಗೇ ಬಂದು ಒತ್ತಿ, ಹಾಳೆ ಅಲೆಅಲೆಯಾಗುತ್ತದೆ. ಪರೀಕ್ಷೆ ಸುಲಭ. ಶೀಟನ್ನು ಎರಡೂ ಕಡೆಯಿಂದ ಮಡಿಚದೆ ಬಗ್ಗಿಸಿ ಅಂಗೈಯಲ್ಲಿ ಅದುಮಿ ನೋಡಿ. ಯಾವ ಕಡೆ ಮೆತ್ತಗೆ ಬಗ್ಗುತ್ತದೋ ಆ ಮಡಿಕೆಯ ಗುಂಟ ನಾರು ಓಡಿದೆ.

ಎ4 ಹಾಳೆ ತಂದು ನಡುವೆ ಮಡಿಚುವವರು ಎಡವುವುದು ಇಲ್ಲೇ. ಬಹುತೇಕ ಎ4 ಹಾಳೆಗಳಲ್ಲಿ ನಾರು ಉದ್ದಕ್ಕೆ ಇರುತ್ತದೆ, ಎ5 ಮಾಡಿದಾಗ ಮಡಿಕೆಗೆ ಅಡ್ಡ ಬೀಳುತ್ತದೆ. 22×28 ಇಂಚಿನ ದೊಡ್ಡ ಶೀಟ್ ತಂದು ಕತ್ತರಿಸಿಕೊಳ್ಳಿ. ನಾರು 28ರ ಗುಂಟ ಇದ್ದರೆ 28ನ್ನು ನಾಲ್ಕು ಭಾಗ, 22ನ್ನು ಎರಡು ಭಾಗ ಮಾಡಿದಾಗ ಒಂದು ಶೀಟಿಗೆ 11×7 ಇಂಚಿನ 8 ತುಂಡು ಬರುತ್ತವೆ. ಪ್ರತಿ ತುಂಡನ್ನು 7 ಇಂಚಿನ ಅಂಚಿಗೆ ಸಮಾಂತರವಾಗಿ ಮಡಿಚಿದರೆ 5.5×7ರ ಎರಡು ಹಾಳೆ. ನಾರು 22ರ ಗುಂಟ ಇದ್ದರೆ 11×14ರ ನಾಲ್ಕು ತುಂಡು ಮಾಡಿ, 7×11ರ ದೊಡ್ಡ ಪುಸ್ತಕ ಕಟ್ಟಬಹುದು.

ಬೆನ್ನಿನ ಲೆಕ್ಕ

ಒಳಗೊಳಗೆ ಸೇರಿಸಿ ಮಡಿಚಿದ ಹಾಳೆಗಳ ಕಟ್ಟಿಗೆ ಅಚ್ಚುಕೂಟದವರು ಫಾರಂ ಎನ್ನುತ್ತಾರೆ. 200 ಜಿಎಸ್‌ಎಂ ಆದರೆ ಒಂದು ಫಾರಮ್ಮಿಗೆ ಮೂರೇ ತುಂಡು. ನಾಲ್ಕು, ಐದು ಸೇರಿಸಿದರೆ ಒಳಗಿನ ಹಾಳೆ ಹೊರಗೆ ಜಾರಿ ಅಂಚು ಮೆಟ್ಟಿಲಾಗುತ್ತದೆ. ಐದು ಫಾರಮ್ಮಿಗೆ 15 ತುಂಡು ಬೇಕು, ಅಂದರೆ 30 ಹಾಳೆ, 60 ಪುಟ. ಎರಡು ಶೀಟಿನಿಂದ 16 ತುಂಡು ಬರುವುದರಿಂದ ಒಂದು ಉಳಿಯುತ್ತದೆ. ಅದನ್ನು ಎಸೆಯಬೇಡಿ.

200 ಜಿಎಸ್‌ಎಂ ಹಾಳೆ ಸುಮಾರು ಕಾಲು ಮಿ.ಮೀ. ದಪ್ಪ. 30 ಹಾಳೆಗೆ 7.5 ಮಿ.ಮೀ. ಬೆನ್ನನ್ನು ಅಷ್ಟಕ್ಕೇ ಕಟ್ಟಿದರೆ, ಬಣ್ಣ ಮತ್ತು ಅಂಟು ಏರಿದ ಮೇಲೆ ಅಂಚಿನ ಕಡೆ ದಪ್ಪವಾಗಿ, ಬೆನ್ನಿನ ಕಡೆ ತೆಳ್ಳಗೇ ಉಳಿದು ಪುಸ್ತಕ ಬೀಸಣಿಗೆಯಾಗುತ್ತದೆ. ಮುಂದೆ ಏರಲಿರುವ ದಪ್ಪಕ್ಕೆ ಈಗಲೇ ಜಾಗ ಬಿಡಬೇಕು. ಉಳಿದ 11×7ರ ತುಂಡನ್ನು ಒಂದೊಂದು ಇಂಚಿನ ಅಗಲಕ್ಕೆ ಕತ್ತರಿಸಿದರೆ 7 ಇಂಚು ಎತ್ತರದ 11 ಪಟ್ಟಿ ಆಗುತ್ತವೆ. ಅವನ್ನು ಉದ್ದಕ್ಕೆ ಮಡಿಚಿ ಪ್ರತಿ ಫಾರಮ್ಮಿನ ಹಾಳೆಗಳ ನಡುವೆ ಎರಡೆರಡು ಇಟ್ಟು, ಹಾಳೆಗಳ ಜೊತೆಗೇ ಹೊಲಿಯಿರಿ. ಹತ್ತು ಪಟ್ಟಿ, ಇಪ್ಪತ್ತು ಪದರ, 5 ಮಿ.ಮೀ. ಬೆನ್ನು 12.5 ಮಿ.ಮೀ. ಆಯಿತು. ಒಳಗೆ ಇಣುಕುವ ಅರ್ಧ ಇಂಚಿನ ಪಟ್ಟಿಗೆ ಮುಂದೆ ದಪ್ಪ ಬಟ್ಟೆ, ಲಕೋಟೆ, ಬಿಡಿ ಚಿತ್ರ ಅಂಟಿಸಿಕೊಳ್ಳಲೂ ಬರುತ್ತದೆ.

ಹೊಲಿಗೆಗೆ ಮೂರು ತೂತು ಸಾಕು: ನಡುವೆ ಒಂದು, ಮೇಲೆ ಕೆಳಗೆ ಅಂಚಿನಿಂದ ಒಂದೊಂದು ಇಂಚು ಬಿಟ್ಟು. ದಬ್ಬಳದಿಂದ ಮಡಿಕೆಯ ಗೆರೆಯಲ್ಲೇ ಚುಚ್ಚಬೇಕು. ಕೂದಲೆಳೆ ಆಚೀಚೆ ಆದರೂ ಹಾಳೆ ಸೀಳುತ್ತದೆ. ಬೆನ್ನಿಗೆ ಕ್ಯಾನ್ವಾಸಿನ ಪಟ್ಟಿ ಇಟ್ಟು, ಅದರ ಮೇಲೆ ಎರಡೂವರೆ ಮಿ.ಮೀ. ಅಂತರದಲ್ಲಿ ಐದು ಗೆರೆ ಎಳೆದು ಒಂದೊಂದಕ್ಕೆ ಒಂದೊಂದು ಫಾರಂ ಹೊಲಿಯಿರಿ. ಮೇಣ ಉಜ್ಜಿದ ಗಟ್ಟಿ ನೂಲು ಎತ್ತರದ ಮೂರು ಪಟ್ಟು ಉದ್ದ ಇರಲಿ. ಸೂಜಿ ಒಳಗಿನಿಂದ ನಡು ತೂತಿನಲ್ಲಿ ಹೊರಗೆ, ಮೇಲಿನ ತೂತಿನಿಂದ ಒಳಗೆ, ನಡುವಿನದನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡು ತೂತಿನಿಂದ ಒಳಗೆ. ನೂಲಿನ ಎರಡು ತುದಿಗಳು ಒಳಗಿನ ಉದ್ದ ಎಳೆಯ ಆಚೆಗೊಂದು ಈಚೆಗೊಂದು ಬಂದಿರಬೇಕು. ಆ ಎಳೆಯನ್ನು ನಡುವೆ ಹಿಡಿದು ಗಂಟು ಹಾಕಿ. ನೂಲನ್ನು ಬೆನ್ನಿನ ಗುಂಟ ಎಳೆದು ಬಿಗಿಮಾಡಬೇಕು, ತನ್ನ ಕಡೆಗೆ ಎಳೆದರೆ ತೂತು ಹರಿಯುತ್ತದೆ.

ಖಣದ ಹೊದಿಕೆ

ಗುಳೇದಗುಡ್ಡದ ಖಣದ ತುಂಡು ಯಾವ ಸಿಂಪಿಗರ ಅಂಗಡಿಯಲ್ಲೂ ಕುಬಸ ಹೊಲಿದ ಮೇಲೆ ಉಳಿದಿರುತ್ತದೆ. ಸಣ್ಣ ಸಣ್ಣ ಬುಟ್ಟಾ ಇರುವುದರಿಂದ ಪುಸ್ತಕದ ಅಳತೆಗೆ ಒಪ್ಪುತ್ತದೆ. ಆದರೆ ನೇರವಾಗಿ ಫೆವಿಕಾಲ್ ಬಳಿದು ರಟ್ಟಿಗೆ ಅಂಟಿಸಿದರೆ ನೇಯ್ಗೆಯ ಸಂದಿಯಿಂದ ಅಂಟು ಮೇಲೆ ಬಂದು ರೇಷ್ಮೆಯ ಮೇಲೆ ಮಿರುಗುವ ಕಲೆಯಾಗಿ ನಿಲ್ಲುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಮೊದಲು ಬಟ್ಟೆಯ ಹಿಂಬದಿಗೆ ತೆಳು ಕಾಗದ ಹಚ್ಚಬೇಕು.

ಒಂದು ಪಾಲು ಮೈದಾವನ್ನು ಐದು ಪಾಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಬಿಡದೆ ತಿರುವುತ್ತ ಬಿಳಿಪು ಹೋಗಿ ಅರೆಪಾರದರ್ಶಕವಾಗುವವರೆಗೆ ಕಾಯಿಸಿ. ಆರಿದ ಮೇಲೆ ಜರಡಿ ಹಿಡಿಯಿರಿ. ಅಂಟನ್ನು ಕಾಗದಕ್ಕೆ ಬಳಿಯಬೇಕು, ಬಟ್ಟೆಗಲ್ಲ. ಖಣವನ್ನು ಮುಖ ಕೆಳಗೆ ಮಾಡಿ ಹಾಸಿ, ಅಂಟು ಬಳಿದ ಕಾಗದವನ್ನು ಅದರ ಮೇಲೆ ಇಳಿಸಿ, ಒಣಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ, ಒಂದು ರಾತ್ರಿ ಬಿಡಿ. ಬಣ್ಣ ಬಿಡುವ ಖಣವೂ ಇರುತ್ತದೆ, ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿದ ಮೇಲೆಯೇ ಕೈ ಹಾಕಿ. ಹೀಗೆ ಕಾಗದ ಹಚ್ಚಿದ ಖಣವನ್ನು ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ.

ರಟ್ಟು 2 ಮಿ.ಮೀ. ದಪ್ಪದ್ದು, ಎತ್ತರ ಏಳೂಕಾಲು ಇಂಚು. ರಟ್ಟಿಗೂ ಬೆನ್ನಿನ ಪಟ್ಟಿಗೂ ನಡುವೆ 6-7 ಮಿ.ಮೀ. ಸಂದು ಬಿಟ್ಟರೆ ಮಾತ್ರ ಹೊದಿಕೆ ತೆರೆಯುತ್ತದೆ. ಖಣವನ್ನು ಸುತ್ತ ಮುಕ್ಕಾಲು ಇಂಚು ಒಳಗೆ ಮಡಿಚಿ ಅಂಟಿಸಿ. ಒಣಗುವಾಗ ಬಟ್ಟೆ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ, ಹೀಗಾಗಿ ರಟ್ಟು ಬಾಗುವುದು ಸಹಜ. ಒಳಬದಿಗೂ ಕಾಗದ ಅಂಟಿಸಿದಾಗ ಆ ಎಳೆತ ಸರಿದೂಗುತ್ತದೆ. ಮೇಲೆ ಒಂದು ಶಹಾಬಾದಿ ಕಲ್ಲು ಹೇರಿ ಒಂದು ದಿನ ಬಿಡುವುದು ಮೇಲು. ಬೆಳಗಾವಿಯ ಮಳೆಗಾಲದಲ್ಲಿ ಒಂದು ದಿನ ಸಾಲದು, ಎರಡು ಬೇಕು. ಮೈದಾ ಅಂಟು ಪೂರ್ತಿ ಒಣಗದೆ ಮುಚ್ಚಿದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಬೈಂಡರುಗಳು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಕಾಲ ಹೋದಂತೆ ಕಾಗದವನ್ನೂ ತಿನ್ನುತ್ತದೆ. ಅದರ ಗೊಡವೆ ಬೇಡ, ಬೇಕಾದಷ್ಟೇ ಅಂಟು ಅಂದಂದಿಗೆ ಮಾಡಿಕೊಳ್ಳಿ.

ಪುಟದ ಮೇಲೆ ಯಾವುದು ಮೊದಲು

ಗೆಸ್ಸೊ ಎನ್ನುವುದು ಬಣ್ಣ ಹಿಡಿದುಕೊಳ್ಳಲು ಹಾಳೆಗೆ ಬಳಿಯುವ ಬಿಳಿ ತಳ. ಈಗಿನ ಡಬ್ಬಿಗಳಲ್ಲಿ ಅಕ್ರಿಲಿಕ್ ಅಂಟು, ಸೀಮೆಸುಣ್ಣದ ಪುಡಿ, ಬಿಳಿ ವರ್ಣ ಇರುತ್ತವೆ. ಮನೆಯಲ್ಲಿ ಮಾಡುವುದಾದರೆ ಎರಡು ಚಮಚ ನುಣ್ಣನೆಯ ಚಾಕ್ ಪುಡಿ ಅಥವಾ ಟಾಲ್ಕಂ ಪೌಡರ್, ಒಂದು ಚಮಚ ಫೆವಿಕಾಲ್, ಒಂದು ಚಮಚ ಬಿಳಿ ಅಕ್ರಿಲಿಕ್ ಬಣ್ಣ. ನೀರು ಹನಿ ಹನಿಯಾಗಿ, ಮಜ್ಜಿಗೆಯ ಹದ ಬರುವವರೆಗೆ. ಸುಣ್ಣ ಹಾಕಬೇಡಿ, ಅದರ ಕ್ಷಾರಕ್ಕೆ ಕೆಲವು ಬಣ್ಣಗಳು ಕೆಡುತ್ತವೆ. ಫೆವಿಕಾಲಿನ ಗೆಸ್ಸೊಗೆ ಒಂದು ಮಿತಿ ಇದೆ: ಒಣಗಿದ ಮೇಲೂ ಬಹಳ ನೀರು ಬಿದ್ದರೆ ಮೆತ್ತಗಾಗುತ್ತದೆ, ಕುಂಚದಿಂದ ತಿಕ್ಕಿದರೆ ಎದ್ದು ಬರುತ್ತದೆ. ಹಾಳೆಯ ಎರಡೂ ಬದಿಗೆ ತೆಳುವಾಗಿ ಬಳಿಯಿರಿ. ಒಂದೇ ಬದಿಗಾದರೆ ಹಾಳೆ ಸುರುಳಿ ಸುತ್ತುತ್ತದೆ. ಇದೇ ಗೆಸ್ಸೊಗೆ ಜರಡಿ ಹಿಡಿದ ರಂಗೋಲಿ ಪುಡಿ ಸೇರಿಸಿ ಗಟ್ಟಿ ಮಾಡಿದರೆ ಕೊರೆಯಚ್ಚಿನ (ಸ್ಟೆನ್ಸಿಲ್) ಮೇಲೆ ಎಳೆದು ಉಬ್ಬು ವಿನ್ಯಾಸ ಮೂಡಿಸಬಹುದು.

ಮುಂದಿನ ಕ್ರಮಕ್ಕೆ ಒಂದೇ ನಿಯಮ: ನೀರಿನವು ಮೊದಲು, ಎಣ್ಣೆ ಮತ್ತು ಮೇಣದವು ಕೊನೆಗೆ. ಆಯಿಲ್ ಪೇಸ್ಟಲ್ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ, ಒಣಗಿ ಸಿಪ್ಪೆ ಏಳುತ್ತದೆ. ಜೆಲ್ ಪೆನ್ನು ಅರೆಬರೆ ಒಣಗಿದ ಬಣ್ಣದ ಮೇಲೆ ಓಡಿಸಿದರೆ ನಿಬ್ಬು ಕಟ್ಟಿಕೊಳ್ಳುತ್ತದೆ.

ಚಿತ್ರವನ್ನು ಪುಟಕ್ಕೆ ಇಳಿಸುವುದು ಎಲ್ಲರಿಗೂ ಇಷ್ಟ. ಬಾದಾಮಿಯ ಮೇಣಬಸದಿಯ ಫೋಟೊ ಇಳಿಸಬೇಕೆನ್ನಿ. ಜೆರಾಕ್ಸ್ ಅಥವಾ ಲೇಸರ್ ಪ್ರಿಂಟೇ ಆಗಬೇಕು. ಇಂಕ್‌ಜೆಟ್ ಶಾಯಿ ಒದ್ದೆಯಾದೊಡನೆ ಕರಗಿ ಹರಿಯುತ್ತದೆ. ಅಕ್ಷರಗಳಿದ್ದರೆ ತಿರುವುಮುರುವಾಗಿ ಪ್ರಿಂಟ್ ತೆಗೆಸಿ. ಪುಟಕ್ಕೆ ಅಕ್ರಿಲಿಕ್ ಜೆಲ್ ಮೀಡಿಯಂ (ಬಣ್ಣವಿಲ್ಲದ ಗಟ್ಟಿ ಅಕ್ರಿಲಿಕ್ ಅಂಟು) ಸಮವಾಗಿ ಬಳಿದು, ಪ್ರಿಂಟಿನ ಮುಖ ಕೆಳಗೆ ಮಾಡಿ ಒತ್ತಿ, ಗಾಳಿಗುಳ್ಳೆ ತೆಗೆದು, ಒಂದು ರಾತ್ರಿ ಬಿಡಿ. ಮರುದಿನ ಮೇಲಿನ ಕಾಗದವನ್ನು ನೀರಿನಿಂದ ನೆನೆಸಿ ಬೆರಳ ತುದಿಯಿಂದ ಸುತ್ತುಸುತ್ತಾಗಿ ಉಜ್ಜುತ್ತ ಹೋದರೆ ಕಾಗದ ಸುರುಳಿಸುರುಳಿಯಾಗಿ ಎದ್ದು, ಟೋನರ್, ಅಂದರೆ ಪ್ರಿಂಟಿನ ಪುಡಿಶಾಯಿ, ಜೆಲ್ಲಿನಲ್ಲೇ ಉಳಿಯುತ್ತದೆ. ಒಣಗಿದಾಗ ಬಿಳಿ ಮಸುಕು ಕಂಡರೆ ನಾರು ಉಳಿದಿದೆ ಎಂದರ್ಥ. ಮತ್ತೊಮ್ಮೆ ನೆನೆಸಿ ಉಜ್ಜಿ, ಕೊನೆಗೆ ತೆಳುವಾಗಿ ಜೆಲ್ ಬಳಿಯಿರಿ. ಒಂದೇ ಸಲಕ್ಕೆ ಪೂರಾ ತೆಗೆಯಲು ಹೋದವರು ಚಿತ್ರವನ್ನೂ ಉಜ್ಜಿ ಹಾಕುತ್ತಾರೆ.

ಕಾಗದದ ಮೇಲೆ ಕಸೂತಿಯೂ ಬರುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಈ ನಾಲ್ಕು ಕಸೂತಿ ಹೊಲಿಗೆಗಳಲ್ಲಿ ಗವಂತಿ ಇದಕ್ಕೆ ಹೇಳಿ ಮಾಡಿಸಿದ್ದು, ಹೋಗಿ ಬಂದ ಎಳೆ ಎರಡೂ ಬದಿಗೆ ಒಂದೇ ಥರ ಕಾಣುವುದರಿಂದ ಹಾಳೆಯ ಹಿಂಬದಿ ಹಾಳಾಗುವುದಿಲ್ಲ. ಇಳಕಲ್ ಸೀರೆಯಲ್ಲಿ ಎಳೆ ಎಣಿಸಿ ಹೊಲಿಯುತ್ತಾರೆ. ಕಾಗದದಲ್ಲಿ ಎಣಿಸಲು ಎಳೆ ಇಲ್ಲ, ಹಾಗಾಗಿ ಗ್ರಾಫ್ ಹಾಳೆ ಮೇಲಿಟ್ಟು ಎಲ್ಲ ತೂತನ್ನೂ ಮೊದಲೇ ಚುಚ್ಚಿಕೊಳ್ಳಬೇಕು. ತೂತಿನ ಅಂತರ 3 ಮಿ.ಮೀ.ಗಿಂತ ಕಡಿಮೆಯಾದರೆ ಗೋಪುರ ವಿನ್ಯಾಸದ ತುದಿಯಂಥ ಒತ್ತಾದ ಜಾಗ ಕಿತ್ತು ಬರುತ್ತದೆ. ಗೆಸ್ಸೊ ಬಳಿದು ಒಣಗಿದ ಹಾಳೆ ಬರಿ ಹಾಳೆಗಿಂತ ಹೆಚ್ಚು ತಡೆಯುತ್ತದೆ.

ಪುಟ ಅಂಟಿಕೊಂಡರೆ

ಅಕ್ರಿಲಿಕ್ ಒಣಗಿದ ಮೇಲೂ ಶಾಖಕ್ಕೆ ಮೆತ್ತಗಾಗುವ ಪ್ಲಾಸ್ಟಿಕ್ಕೇ. ವಿಜಯಪುರದ ಏಪ್ರಿಲ್-ಮೇ ಬಿಸಿಲಲ್ಲಿ, 40 ಡಿಗ್ರಿ ದಾಟಿದ ದಿನಗಳಲ್ಲಿ, ಮುಚ್ಚಿಟ್ಟ ಜರ್ನಲ್ಲಿನ ಎದುರುಬದುರು ಪುಟಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಮೇಲೆ ನಾಲ್ಕು ಪುಸ್ತಕ ಹೇರಿದ್ದರಂತೂ ಮುಗಿಯಿತು. ಮುಗಿದ ಪುಟಕ್ಕೆ ಬಣ್ಣವಿಲ್ಲದ ಮೇಣದ ಬತ್ತಿ ಹಗುರಾಗಿ ತಿಕ್ಕಿ ಬಟ್ಟೆಯಿಂದ ಒರೆಸಿ, ನಡುವೆ ಬಟರ್ ಪೇಪರ್ ಇಡಿ, ಪುಸ್ತಕವನ್ನು ಮಲಗಿಸದೆ ನಿಲ್ಲಿಸಿ. ಆದರೂ ಅಂಟಿಕೊಂಡರೆ ಎಳೆಯಬೇಡಿ, ಒಂದು ಪುಟದ ಬಣ್ಣ ಇನ್ನೊಂದಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ತಂಪಿಗೆ ಅಕ್ರಿಲಿಕ್ ಗಡುಸಾಗಿ ಹಿಡಿತ ಬಿಡುತ್ತದೆ. ಹೊರತೆಗೆದ ಕೂಡಲೇ ತೆಳುವಾದ ಸ್ಟೀಲ್ ಪಟ್ಟಿಯನ್ನು ಮೂಲೆಯಿಂದ ತೂರಿಸಿ ಮೆಲ್ಲಗೆ ಸರಿಸುತ್ತ ಹೋಗಿ. ಹಾಳೆಯನ್ನು ಮಾತ್ರ ಬಗ್ಗಿಸಬಾರದು, ತಣ್ಣಗಿದ್ದಾಗ ಆ ಬಣ್ಣ ಬಿರುಕು ಬಿಡುತ್ತದೆ.